ನಲವತ್ತೊಂದನೆಯ ಡಿಗ್ರಿಯ ಗುಡ್ಡ

ನದಿಯ ದಂಡೆಯಲ್ಲಿ ಒಂದು ಸಂಶೋಧನಾ ರಿಯಾಕ್ಟರು. ಅದರ ಸುತ್ತ ಒಂಬತ್ತು ಯಂತ್ರಗಳು. ಏಳನೆಯ ಯಂತ್ರದ ಪಕ್ಕದಲ್ಲಿ ಒಂದು ಸ್ಟೂಲು. ಆ ಸ್ಟೂಲಿನ ಮೇಲೆ ಆರು ವರ್ಷಗಳಿಂದ ಬಸವಂತ.

ಹಿಂದಿನ ಶಿಷ್ಯರಾದರೆ ಗುರುವಿನ ಹಸು ಕಾಯುತ್ತಿದ್ದರು, ಸೌದೆ ಹೊರುತ್ತಿದ್ದರು. ಬಸವಂತನ ಪಾಲಿಗೆ ಬಂದದ್ದು ನ್ಯೂಟ್ರಾನ್ ಎಣಿಸುವ ಕೆಲಸ.

ರಿಯಾಕ್ಟರಿನ ಗೋಡೆಯಲ್ಲೊಂದು ಕಿಂಡಿ. ಅಲ್ಲಿಂದ ಬರುವ ನ್ಯೂಟ್ರಾನುಗಳು ಬೆರಳುದ್ದದ ಡಬ್ಬಿಯಲ್ಲಿರುವ ಕಪ್ಪು ಪುಡಿಗೆ ಬಡಿದು ಚದುರುತ್ತವೆ. ಯಂತ್ರದ ತೋಳಿನ ತುದಿಗೆ ಕೂರಿಸಿದ ಕೊಳವೆಯೊಂದು ಪುಡಿಯ ಸುತ್ತ ಒಂದೊಂದೇ ಡಿಗ್ರಿ ಸರಿಯುತ್ತ, ನಿಂತ ಕಡೆಯೆಲ್ಲ ಐದು ನಿಮಿಷ ಎಣಿಸುತ್ತದೆ. ಪುಡಿಯೊಳಗಿನ ಪರಮಾಣುಗಳು, ಇಲ್ಲವೆ ಅವುಗಳ ಕಾಂತಶಕ್ತಿ, ಶಿಸ್ತಾಗಿ ಸಾಲು ಹಿಡಿದಿದ್ದರೆ ಯಾವುದೋ ಒಂದು ಕೋನದಲ್ಲಿ ಎಣಿಕೆ ಏರುತ್ತದೆ. ಕಾಗದದ ಮೇಲೆ ಅದು ಪುಟ್ಟ ಗುಡ್ಡದ ಹಾಗೆ ಕಾಣುತ್ತದೆ.

ಉಳಿದವರು ಯಂತ್ರ ಚಾಲೂ ಮಾಡಿ ಚಹಾಕ್ಕೆ ಹೋಗುತ್ತಿದ್ದರು. ಬಸವಂತ ಹೋಗುತ್ತಿರಲಿಲ್ಲ. ಅವನು ಇಳಕಲ್ಲಿನ ನೇಕಾರರ ಮನೆಯವನು. ಕೆಲಸ ನಡೆದಿರುವಾಗ ಮಗ್ಗ ಬಿಟ್ಟು ಏಳುವವರನ್ನು ಅವನು ಕಂಡವನಲ್ಲ.

ಸುರಕ್ಷತೆಯವರು ಅಳತೆ ಮಾಡಿ, ಇಲ್ಲಿ ಕೂತರೆ ಅಪಾಯವಿಲ್ಲ ಎಂದು ನೆಲಕ್ಕೆ ಹಳದಿ ಗೆರೆ ಎಳೆದಿದ್ದರು. ಬಸವಂತ ಆ ಗೆರೆಯ ಅಂಚಿಗೇ ಸ್ಟೂಲು ಹಾಕಿಕೊಂಡಿದ್ದ.

ಆರನೆಯ ವರ್ಷ ಅವನಿಗೆ ಒಂದು ಹೊಸ ಗುಡ್ಡ ಸಿಕ್ಕಿತು.

ನಲವತ್ತೊಂದನೆಯ ಡಿಗ್ರಿಯಲ್ಲಿ. ಅಲ್ಲಿ ಗುಡ್ಡವಿರಬೇಕೆಂದು ಯಾವ ಲೆಕ್ಕವೂ ಹೇಳಿರಲಿಲ್ಲ. ಮೂರು ಸಲ ಅಳೆದ. ಮೂರು ಸಲವೂ ಬಂತು.

ಮಂಗಳವಾರ ಬೆಳಿಗ್ಗೆ ಕಾಗದ ಹಿಡಿದು ವಾರಿಜಾಕ್ಷಿ ಮೇಡಂ ಕೋಣೆಗೆ ಹೋದ. ಅವರು ಅವನ ಗುರು. ಮಾತು ಕಡಿಮೆ, ತೂಕ ಅದಕ್ಕಿಂತ ಕಡಿಮೆ.

"ಮೇಡಂ, ಈ ಪುಡಿಯೊಳಗ ಯಾರೂ ಕಾಣದ ಕಾಂತತ್ವ ಐತ್ರಿ. ನೀವೊಂದು ಸಹಿ ಹಾಕಿದ್ರ ಶುಕ್ರವಾರ ಇದನ್ನೇ ಮಾತಾಡ್ತೀನಿ."

ಶುಕ್ರವಾರದ ಸಭೆಗೆ ಹೊರಗಿನ ದೊಡ್ಡ ಸಂಸ್ಥೆಯೊಂದರವರು ಬರುವವರಿದ್ದರು. ಮಾತಾಡಿದವರಲ್ಲಿ ಒಬ್ಬರಿಗೆ ಅಲ್ಲಿ ಕೆಲಸ. ಬಸವಂತನ ಅವ್ವ ಆಗಲೇ ಮಗನ ಶೋಧದ ಸುದ್ದಿ ಓಣಿಗೆಲ್ಲ ಹೇಳಿ ಮುಗಿಸಿದ್ದಳು.

ಮೇಡಂ ಕಾಗದವನ್ನು ಬಹಳ ಹೊತ್ತು ನೋಡಿದರು.

"ನೀನು ಎಲ್ಲಿದ್ದೆ?"

"ಅಲ್ಲೇ ಇದ್ದೆ ಮೇಡಂ. ಒಂದು ನಿಮಿಷಾನೂ ಬಿಟ್ಟು ಎದ್ದಿಲ್ರಿ."

"ಅದನ್ನೇ ಕೇಳಿದ್ದು."

ಬಸವಂತನಿಗೆ ಅರ್ಥವಾಗಲಿಲ್ಲ. ಆರು ವರ್ಷದಲ್ಲಿ ಮೇಡಂ ಹೇಳಿದ್ದರಲ್ಲಿ ಅರ್ಧ ಅವನಿಗೆ ಅರ್ಥವಾದದ್ದು ತಡವಾಗಿ, ಇನ್ನರ್ಧ ಇನ್ನೂ ಬಾಕಿ.

"ಇಷ್ಟು ಹೊತ್ತು ಕದಲದೆ ಕೂರೋದು ಎಲ್ಲಿ ಕಲಿತೆ?"

"ಅವ್ವನ ಕಡೆಯಿಂದ್ರಿ. ಮಗ್ಗಕ್ಕ ಕೂತಳಂದ್ರ ಮುಗೀತು, ಕರೆದ್ರೂ ಕೇಳಸಂಗಿಲ್ಲ. ತಲೆಗೊಂದು ಬಟ್ಟಿ ಬಿಗಿದು ಕಟ್ಟಿ ಕೂತುಬಿಡ್ತಾಳ."

"ಬಟ್ಟೆ ಯಾಕೆ?"

"ಒಂದು ಕೂದಲೆಳಿ ನೇಯ್ಗಿಯೊಳಗ ಸೇರಿದ್ರೂ ಸಾವಕಾರ ಸೀರಿ ವಾಪಸ್ ಕಳಸ್ತಾನ್ರಿ."

"ಹೂಂ," ಎಂದರು ಮೇಡಂ. ಸಹಿ ಹಾಕಲಿಲ್ಲ.

ಬುಧವಾರ ಮಧ್ಯಾಹ್ನ ಅವರೇ ಏಳನೆಯ ಯಂತ್ರದ ಬಳಿ ಬಂದರು.

"ಮೂವತ್ತೆಂಟರಿಂದ ನಲವತ್ತನಾಲ್ಕರವರೆಗೆ ಮಾತ್ರ ಇನ್ನೊಮ್ಮೆ ಅಳೆ. ಚಾಲೂ ಮಾಡಿ ನದಿಗೆ ಹೋಗು. ಮುಕ್ಕಾಲು ಗಂಟೆ ಕೂತು ಕೊಕ್ಕರೆ ಎಣಿಸಿ ಬಾ."

"ಕೊಕ್ಕರೆ?"

"ಬಿಳಿಯವು. ಬೂದು ಬಣ್ಣದವು ಬೇಡ."

ಆಚೆ ಪಂಪು ರಿಪೇರಿ ಮಾಡುತ್ತಿದ್ದ ಟೆಕ್ನಿಷಿಯನ್ ಮುನಿವೆಂಕಟಪ್ಪನವರು ಮುಖ ತಿರುಗಿಸಿ ನಕ್ಕರು. ಇನ್ನೆರಡು ದಿನಕ್ಕೆ ಸಭೆ, ಇವರಿಗೆ ಕೊಕ್ಕರೆ! ಬಸವಂತ ಮುಖ ಊದಿಸಿಕೊಂಡೇ ಹೋದ.

ಬಂದಾಗ ಹೇಳಿದ, "ಹದಿನೇಳು."

ಮೇಡಂ ಕಾಗದ ಮುಂದೆ ಹಿಡಿದರು.

ನಲವತ್ತೊಂದರಲ್ಲಿ ಗುಡ್ಡವಿರಲಿಲ್ಲ. ಹಲಗೆ ಇಟ್ಟ ಹಾಗೆ ಮಟ್ಟಸ.

"ಯಂತ್ರ ಏನೋ ಮಾಡೇತಿ. ಇದನ್ನ ಲೆಕ್ಕಕ್ಕ ಹಿಡಿಯೂದು ಬ್ಯಾಡ್ರಿ," ಎಂದ ಬಸವಂತ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ತುರುಕಿಕೊಂಡ.

ಮೇಡಂ ಜೇಬನ್ನು ನೋಡಿದರು.

"ಸರಿ. ಈಗ ನಿನ್ನ ಸ್ಟೂಲಿನ ಮೇಲೆ ನೀನು ಕೂತು ಅಳೆ."

ಕೂತ. ಅಳೆದ. ಗುಡ್ಡ ಬಂತು. ಬಸವಂತನಿಗೆ ಹೋದ ಜೀವ ಬಂದಂತಾಯಿತು. "ನೋಡ್ರಿ ಮೇಡಂ, ಹೇಳಿರಲಿಲ್ಲೇನು!"

"ಈಗ ಏಳು."

ಅವನು ಎದ್ದು ದೂರ ನಿಂತ. ಮೇಡಂ ಸೀರೆ ಸರಿಪಡಿಸಿಕೊಂಡು ಸ್ಟೂಲಿನ ಮೇಲೆ ಕೂತರು. ಕೊಳವೆ ಮತ್ತೆ ಮೂವತ್ತೆಂಟರಿಂದ ಹೊರಟಿತು. ಮೂವತ್ತೈದು ನಿಮಿಷ ಕಳೆಯಿತು.

ನಲವತ್ತೊಂದರಲ್ಲಿ ಗುಡ್ಡ ಬಂತು. ಆದರೆ ಸಣ್ಣದು, ದಿಬ್ಬ ಎನ್ನಬಹುದು.

"ನಾನು ನಲವತ್ತಾರು ಕೆಜಿ," ಎಂದರು ಮೇಡಂ.

ಬಸವಂತ ಕಾಗದ ನೋಡಿದ. ಮೇಡಂ ಅವರನ್ನು ನೋಡಿದ. ಏನೋ ಹೊಳೆಯತೊಡಗಿತು. ಹೊಳೆಯದಿದ್ದರೆ ಚೆನ್ನಾಗಿತ್ತು ಅನಿಸಿತು.

"ಮುನಿವೆಂಕಟಪ್ಪ, ಸ್ವಲ್ಪ ಬರ್ತೀರಾ?"

ಮುನಿವೆಂಕಟಪ್ಪನವರು ತೊಂಬತ್ತೆಂಟು ಕೆಜಿ. ಕೂತ ಕೂಡಲೇ ಸ್ಟೂಲು ಕಿರುಗುಟ್ಟಿತು.

"ನನ್ನಿಂದ ಏನ್ ಮೇಡಂ ಆಗ್ಬೇಕು?"

"ಏನೂ ಇಲ್ಲ. ಕೂತಿರಿ."

"ಇಂಥ ಕೆಲಸ ದಿನಾ ಕೊಡಿ ಮೇಡಂ."

ಅವರ ಗುಡ್ಡ ಕಾಗದದ ಮೇಲಂಚಿಗೆ ಹೋಗಿ ಮುಟ್ಟಿತು.

"ಅಯ್ಯೋ ಶಿವನೇ, ಇದೇನು ನಂದಿಬೆಟ್ಟ!" ಎಂದರು ಮುನಿವೆಂಕಟಪ್ಪನವರು. ನಗಬೇಕೆಂದಿದ್ದರು, ಹುಡುಗನ ಮುಖ ನೋಡಿ ಪಂಪಿನ ಕಡೆ ನಡೆದರು.

ಬಸವಂತ ಕಿಂಡಿ ಮುಚ್ಚಿ, ಹೊರಗಿನ ನ್ಯೂಟ್ರಾನು ಒಳಬಾರದಂತೆ ಕೊಳವೆಗೆ ತೊಡಿಸಿದ ಕವಚವನ್ನು ಬೆರಳಿಂದ ಸವರಿದ. ಹಳೆಯ ಕವಚ. ಸ್ಟೂಲಿನ ಕಡೆಯ ಹೊಲಿಗೆಯಲ್ಲಿ ಉಗುರು ಸಿಗುವಷ್ಟು ಸೀಳು. ತೋಳು ನಲವತ್ತೊಂದಕ್ಕೆ ಬಂದಾಗ ಆ ಸೀಳು ನೆಟ್ಟಗೆ ಸ್ಟೂಲಿಗೆ ಎದುರಾಗುತ್ತಿತ್ತು.

"ಮನುಷ್ಯಾನ ಮೈಯೆಲ್ಲ ನೀರು," ಎಂದ ಮೆಲ್ಲಗೆ. "ಹಾಲ್‌ನೊಳಗ ಅಡ್ಡಾಡೋ ನ್ಯೂಟ್ರಾನು ನೀರಿಗೆ ಬಡಿದು, ವೇಗ ಕಳ್ಕೊಂಡು, ಈ ಸೀಳಿನಾಗ ಹೊಕ್ಕಾವು. ಹೌದಲ್ರಿ?"

ಮೇಡಂ ತಲೆಯಾಡಿಸಿದರು.

"ಪುಡಿಯೊಳಗ ಏನೂ ಇರಲಿಲ್ಲ."

"ಇರಲಿಲ್ಲ."

"ನಾ ಎದ್ದು ಚಹಾ ಕುಡಿಯಾಕ ಹೋಗಿದ್ರ..."

"ಬರ್ತಿರಲಿಲ್ಲ."

ಬಸವಂತ ನೆಲದ ಮೇಲೆ ಕೂತ. ಹಳದಿ ಗೆರೆಯ ಹೊರಗೆ. ಮೇಡಂ ತಮ್ಮ ಫ್ಲಾಸ್ಕಿನಿಂದ ಮುಚ್ಚಳಕ್ಕೆ ನೀರು ಬಗ್ಗಿಸಿ ಅವನ ಕೈಗಿಟ್ಟರು. ಕುಡಿದು ಮುಗಿಯುವ ತನಕ ಪಕ್ಕದಲ್ಲೇ ನಿಂತಿದ್ದರು.

"ನಿಮಗ ಮಂಗಳವಾರನ ಗೊತ್ತಾಗಿತ್ತು."

"ಅನುಮಾನ ಬಂದಿತ್ತು."

"ಆಗಲೇ ಹೇಳಬಹುದಿತ್ತಲ್ರಿ."

"ಹೇಳಿದ್ದರೆ ನಂಬ್ತಿದ್ದೆಯಾ?"

ಅವನ ಕೈ ಜೇಬಿನ ಮೇಲೆ ಹೋಯಿತು. ಆ ಕಾಗದ ಇದ್ದದ್ದು ಗೊತ್ತಿದ್ದವರು ಇಬ್ಬರೇ. ಶುಕ್ರವಾರ ಬರುವವರು ಸ್ಟೂಲನ್ನು ನೋಡುವುದಿಲ್ಲ, ಗುಡ್ಡವನ್ನಷ್ಟೇ ನೋಡುತ್ತಾರೆ. ಕಿಟಕಿಯಾಚೆ ಕೊಕ್ಕರೆಗಳು ನೀರಿನಲ್ಲಿ ಒಂಟಿ ಕಾಲಲ್ಲಿ ನಿಂತಿದ್ದವು.

ಕಾಗದ ತೆಗೆದ. ಮಡಿಕೆ ಬಿಡಿಸಿ, ಮೊಣಕಾಲ ಮೇಲಿಟ್ಟು ಅಂಗೈಯಿಂದ ತೀಡಿದ. ಉಳಿದ ಮೂರರ ಮೇಲೆ ಇಟ್ಟ.

"ಶುಕ್ರವಾರ ನಾಲ್ಕೂ ತೋರಸ್ತೀನ್ರಿ. ಕೊಕ್ಕರೆದ್ದು ಮೊದಲು."

ಮೇಡಂ ಪೆನ್ನು ತೆಗೆದು ನಾಲ್ಕಕ್ಕೂ ಸಹಿ ಹಾಕಿದರು.

"ಆ ಕೆಲಸ ಇನ್ನ ನನಗ ಸಿಗೂದಿಲ್ಲ ಅನ್ಸತೈತಿ."

"ಸಿಗದೇ ಇರಬಹುದು," ಎಂದರು ಮೇಡಂ. ಸುಳ್ಳು ಸಮಾಧಾನ ಹೇಳಿ ಅವರಿಗೆ ಅಭ್ಯಾಸವಿರಲಿಲ್ಲ.

ಬಸವಂತ ಎದ್ದು ಸ್ಟೂಲು ಎತ್ತಿಕೊಂಡ. ಬಾಗಿಲವರೆಗೆ ಹೋಗಿ ನಿಂತ.

"ಓಣಿಗೆಲ್ಲ ಹೇಳ್ಯಾಳ್ರಿ ಮೇಡಂ, ಮಗ ಏನೋ ಹೊಸಾದು ಕಂಡುಹಿಡದಾನ ಅಂತ. ಅವ್ವಗ ನಾ ಏನಂತ ಹೇಳ್ಲಿ?"

ಮೇಡಂ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ಹೇಳಿದರು:

"ಹೇಳೋದಿರಲಿ. ಮಗ್ಗಕ್ಕೆ ಕೂರುವಾಗ ತನ್ನ ಕೂದಲು ನೇಯ್ಗೆಗೆ ಸೇರದ ಹಾಗೆ ತಲೆಗೆ ಬಟ್ಟೆ ಹೇಗೆ ಕಟ್ಟಿಕೊಳ್ಳೋದು ಅಂತ ಅವ್ವನ್ನ ಕೇಳು."