ಮರದ ಪಿಸ್ತೂಲು

ವೇದಾಂತ ಹೇಳಿಕೊಟ್ಟವರನ್ನು ಮಾತ್ರ ಗುರು ಎನ್ನಬೇಕೆಂದು ಯಾರೂ ಬರೆದಿಟ್ಟಿಲ್ಲ. ಮಲಪ್ರಭೆಯ ದಂಡೆಯ ಮೇಲೆ ಪಿಸ್ತೂಲು ಹಿಡಿಯಲು ಕಲಿಸುವ ಗುರುಗಳೊಬ್ಬರಿದ್ದರು. ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾದವರು. ಹೆಸರು ಫಕ್ಕೀರಪ್ಪ.

ಪಿಸ್ತೂಲಿನ ಲೈಸೆನ್ಸ್ ಬೇಕಾದವರು ಅವರ ಕೈಯಲ್ಲಿ ಪಾಸಾಗಿ ಸರ್ಟಿಫಿಕೇಟು ತರಬೇಕಿತ್ತು. ಯಾರು ಎಷ್ಟೇ ಗೋಗರೆದರೂ ಸುಮ್ಮನೆ ಸಹಿ ಹಾಕುವ ಆಸಾಮಿ ಅವರಲ್ಲ.

ಶಿದ್ರಾಮ ಅವರ ಶಿಷ್ಯನಾಗಿ ಒಂದು ತಿಂಗಳಾಗಿತ್ತು. ಹೊಳೆಯ ಮರಳು ಕದಿಯುವವರಿಗೆ ಅಡ್ಡ ಹೋದ ಅವನ ಅಣ್ಣನನ್ನು ಹಾಡಹಗಲೇ ಕೊಂದಿದ್ದರು. ಕಣ್ಣಾರೆ ಕಂಡವನು ಶಿದ್ರಾಮ ಒಬ್ಬನೇ. ಕೋರ್ಟಿನಲ್ಲಿ ಸಾಕ್ಷಿ ಹೇಳಲು ಇನ್ನು ಎರಡು ತಿಂಗಳಿತ್ತು. ಅಲ್ಲಿಯವರೆಗೆ ನೀನು ಇರುವುದಿಲ್ಲ ಎಂದು ಎರಡು ಸಲ ಫೋನು ಬಂದಿತ್ತು.

"ಬ್ಯಾರೆ ಕಾಗದ ಎಲ್ಲಾ ಆಗ್ಯಾವ್ರಿ ಗುರುಗಳ. ನಿಮ್ಮ ಸಹಿ ಒಂದ ಉಳದೈತಿ. ಪರೀಕ್ಷಾ ಹೆಂಗಿರತೈತ್ರಿ?"

"ಎರಡು ದಿನದ್ದು. ಮೊದಲನೇ ದಿನ ಇಪ್ಪತ್ತು ಗುಂಡು."

"ಎರಡನೇ ದಿನ?"

"ಗುಂಡು ಇಲ್ಲ."

ಗುರುಗಳಿಗೆ ತಮಾಷೆ ಮಾಡುವ ಅಭ್ಯಾಸ ಇರಲಿಲ್ಲ. ಶಿದ್ರಾಮ ಮುಂದೆ ಕೇಳಲಿಲ್ಲ.

ಮೊದಲನೆಯ ದಿನ ಏಳು ಹೆಜ್ಜೆ ದೂರದಿಂದ ಹತ್ತು ಗುಂಡು, ಹದಿನೈದು ಹೆಜ್ಜೆಯಿಂದ ಹತ್ತು ಗುಂಡು. ಹಿಂದೆ ಮಣ್ಣಿನ ದಿಬ್ಬ, ಮುಂದೆ ಕಾಗದದ ಮೇಲೆ ಬರೆದ ಮನುಷ್ಯ. ಗುರುಗಳು ಹೇಳುವವರೆಗೆ ಪಿಸ್ತೂಲಿನ ಬಾಯಿ ನೆಲದ ಕಡೆಗೇ ಇರಬೇಕು. ಹೊಡೆಯುವುದೆಂದು ಮನಸ್ಸು ಗಟ್ಟಿಯಾಗುವವರೆಗೆ ಬೆರಳು ಟ್ರಿಗರಿನ ಹೊರಗೇ ಇರಬೇಕು. ಸಾಕು ಎಂದರೆ ಸಾಕು. ಗುಂಡಿನ ಪೆಟ್ಟಿಗೆ ತೆಗೆದು, ಒಳಗೆ ಖಾಲಿ ಇರುವುದನ್ನು ತೋರಿಸಬೇಕು.

ಶಿದ್ರಾಮ ಎಲ್ಲಿಯೂ ತಪ್ಪಲಿಲ್ಲ. ಹತ್ತೊಂಬತ್ತು ಗುಂಡು ಗೆರೆಯ ಒಳಗೆ ಬಿದ್ದವು.

"ಪಾಸಾದ್ನೇನ್ರಿ?"

"ಗುಂಡಿನಾಗ ಪಾಸು."

ಮರುದಿನ ಬೆಳಿಗ್ಗೆ ಗುರುಗಳು ಒಂದು ಮರದ ಪಿಸ್ತೂಲು ತಂದುಕೊಟ್ಟರು. ಕಪ್ಪು ಬಣ್ಣ ಬಳಿದದ್ದು, ಒಳಗೆ ಸೀಸ ತುಂಬಿ ನಿಜದಷ್ಟೇ ಭಾರ ಮಾಡಿದ್ದು. ಟ್ರಿಗರ್ ಎಳೆದರೆ ಟಕ್ ಎನ್ನುತ್ತಿತ್ತು, ಅಷ್ಟೆ.

"ಅಂಗಿ ಒಳಗ ಸೊಂಟಕ್ಕ ಕಟ್ಕೊ. ಪ್ಯಾಟಿಗೆ ಹೋಗು, ಮನಿಗೆ ಹೋಗು, ಹೊತ್ತು ಮುಳುಗೂದ್ರಾಗ ತಿರುಗಿ ಬಾ. ಇದು ನಿನ್ನ ಕಡೆ ಐತಿ ಅಂತ ಯಾರಿಗೂ ತಿಳೀಬಾರ್ದು."

"ಅಷ್ಟೇನ್ರಿ?"

"ಅಷ್ಟ."

ಸಂಜೆ ಶಿದ್ರಾಮ ಬಂದಾಗ ಗುರುಗಳು ಎಣ್ಣೆಬಟ್ಟೆಯಿಂದ ತಮ್ಮ ಪಿಸ್ತೂಲು ಒರೆಸುತ್ತ ಕೂತಿದ್ದರು. ಅವನು ಮರದ್ದನ್ನು ಅವರ ಮುಂದಿಟ್ಟ.

"ಯಾರಿಗರ ತಿಳೀತೇನು?"

"ಪ್ಯಾಟ್ಯಾಗ ಯಾರಿಗೂ ತಿಳೀಲಿಲ್ರಿ."

"ಯಾರ್ಯಾರು ಸಿಕ್ಕಿದ್ರು?"

"ಉಳ್ಳಾಗಡ್ಡಿ ಮಾರಾಂವ. ಎಡಗೈಯಾಗ ಒಂದು ಬೆರಳು ಇರಲಿಲ್ಲ. ಕಂಡಕ್ಟರ್ ಬಲಗೈ ಚೀಲದಾಗ ಇಟ್ಟಿದ್ದ. ಇನ್ನೊಬ್ಬಾಂವ ಕಂಬಳಿ ಹೊದ್ದು ಕೈ ಒಳಗ ಇಟ್ಕೊಂಡಿದ್ದ. ಅವನ ಕೈ ಹೊರಗ ಬರೂ ತನಕ ಬೆನ್ನ ಹತ್ತಿದ್ನಿ. ಬೀಡಿ ಕಟ್ಟು ಇತ್ತು."

"ಛಲೋ. ಅವಗ ಮೀಸಿ ಇದ್ವೇನು?"

ಶಿದ್ರಾಮ ನೆನಪಿಸಿಕೊಳ್ಳಲು ನೋಡಿದ. ಮೀಸೆ ಹೋಗಲಿ, ಆ ಮನುಷ್ಯನ ಮುಖವೇ ನೆನಪಿಗೆ ಬರಲಿಲ್ಲ. ಕಂಡಕ್ಟರನದೂ ಇಲ್ಲ.

"ಕೈ ನೋಡು, ಮಾರಿ ಸುಳ್ಳು ಹೇಳತೈತಿ ಅಂತ ನೀವ ಕಲಿಸಿದ್ರಿ."

"ಹೌದು. ನಾನ ಕಲಿಸೇನಿ." ಗುರುಗಳು ಒರೆಸುವುದನ್ನು ನಿಲ್ಲಿಸಿದರು. "ಮನ್ಯಾಗ?"

ಏನೂ ಆಗಲಿಲ್ಲ ಎಂದುಬಿಟ್ಟರೆ ಶಿದ್ರಾಮನಿಗೆ ಸಹಿ ಸಿಗುತ್ತಿತ್ತು. ಹೋಗಿ ವಿಚಾರಿಸುವವರು ಯಾರೂ ಇರಲಿಲ್ಲ. ಹಾಗೆ ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡೇ ಬಂದಿದ್ದ. ನಾಲಿಗೆ ಏಳಲಿಲ್ಲ.

"ಹಿತ್ತಲ ಬಾಗಲದಾಗ ನಿಂತಿದ್ನಿ. ವೈನಿ ಒಳಗಿಂದ ಬಂದ್ರು."

ವೈನಿ ಎಂದರೆ ಸತ್ತ ಅಣ್ಣನ ಹೆಂಡತಿ. ಕೈಯಲ್ಲೊಂದು ಪಿಸ್ತೂಲಿರಲಿ ಎಂದು ಶಿದ್ರಾಮನ ಬೆನ್ನು ಹತ್ತಿ ಇಲ್ಲಿಗೆ ಕಳಿಸಿದವಳು ಅವಳೇ.

"ಕೈ ಕಾಣಲಿಲ್ರಿ. ಸೆರಗಿನ ಒಳಗ ಇತ್ತು."

"ಪಿಸ್ತೂಲು ತಗದಿ?"

"ತಗದ್ನಿ."

"ಬೆರಳು ಎಲ್ಲಿತ್ತು?"

ಶಿದ್ರಾಮ ತನ್ನ ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡ.

"ಟಕ್ ಅಂತ್ರಿ."

ಗುರುಗಳು ಮರದ ಪಿಸ್ತೂಲನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಮರದ್ದು ಅಂತ ಗೊತ್ತಿತ್ತಲ್ಲ?"

"ಆಮ್ಯಾಲ ನೆನಪಾತು."

"ಸೆರಗಿನಾಗ ಏನಿತ್ತು?"

"ಹೋಳಿಗಿ. ಹಂಚಿನ ಮ್ಯಾಲಿಂದ ಆಗಷ್ಟ ತಗದಿದ್ದು. ಹುಡುಗರು ನೋಡಿದ್ರ ಕಾಡತಾವು ಅಂತ ಮುಚ್ಕೊಂಡು ತಂದಿದ್ರು. ನನಗ."

"ಆಕಿ ಏನಂದ್ಳು?"

"ಏನೂ ಅನಲಿಲ್ಲ. ಕೆಳಗ ಬಿದ್ದದ್ದನ್ನ ಎತ್ಕೊಂಡು, ಮಣ್ಣು ಝಾಡಿಸಿ, ಒಳಗ ಹೋದ್ರು."

"ಆಕಿ ಮಾರಿ ಹೆಂಗಾಗಿತ್ತು?"

ಅಣ್ಣ ಸತ್ತ ದಿನವೂ ಅಳದ ಶಿದ್ರಾಮ ಗುರುಗಳ ಮುಂದೆ ಚಿಕ್ಕ ಹುಡುಗನ ಹಾಗೆ ಅತ್ತ.

"ಅದನ್ನೂ ನೋಡಲಿಲ್ರಿ."

ಗುರುಗಳು ಎದ್ದು ಸರ್ಟಿಫಿಕೇಟಿನ ಹಾಳೆ ತೆಗೆದರು. ಸಹಿ ಹಾಕದೆಯೇ ಮಡಚಿ ಟ್ರಂಕಿನೊಳಗೆ ಇಟ್ಟರು.

ಆಗ ಶಿದ್ರಾಮನಿಗೆ ಸಿಟ್ಟು ಬಂತು. "ನನ್ನ ಕೊಲ್ಲಾಕ ಬರಾವ್ರೇನು ಮರದ್ದು ಹಿಡಕೊಂಡು ಬರೂದಿಲ್ರಿ ಗುರುಗಳ! ನಾ ಸತ್ರ ಅಣ್ಣನ ಕೇಸೂ ಸತ್ತಂಗ. ಬರೇ ಕೈಲೆ ಹೋಗಿ ವೈನಿ ಮುಂದ ಏನಂತ ಹೇಳ್ಲಿ?"

ಇಂಥ ಹೊತ್ತಿಗೆಂದೇ ಒಂದು ದೊಡ್ಡ ಮಾತನ್ನು ಜೋಪಾನವಾಗಿ ಇಟ್ಟುಕೊಂಡಿರುವ ಗುರುಗಳುಂಟು. ಇವರ ಬಳಿ ಇರಲಿಲ್ಲ. ಹುಡುಗ ಹೇಳಿದ್ದು ಸುಳ್ಳಲ್ಲ ಎಂದು ಅವರಿಗೆ ಗೊತ್ತಿತ್ತು. ಕೈ ನೋಡಲು ಕಲಿಸಿದವರು ತಾವೇ ಎಂಬುದೂ ಅವರನ್ನು ಚುಚ್ಚುತ್ತಿತ್ತು.

ಅವರು ತಮ್ಮ ಪಿಸ್ತೂಲಿಗೆ ಗುಂಡು ತುಂಬಿ ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗಿ ಇಳಿಬಿಟ್ಟರು. ಹಾಸಿಗೆ ಸುತ್ತಿ ಹೆಗಲಿಗೇರಿಸಿದರು. ಬಾಗಿಲಿಗೆ ಬೀಗ ಹಾಕಿದರು.

"ಎಲ್ಲಿಗ್ರಿ?"

"ನಿನ್ನ ಮನಿಗೆ. ಕೋರ್ಟಿನ ತಾರೀಖು ಮುಗಿಯೂ ತನಕ ನಿಮ್ಮ ಕಟ್ಟಿ ಮ್ಯಾಲ ಮಲಗತೇನಿ. ಕೋರ್ಟಿಗೂ ನಿನ್ನ ಜೋಡಿ ಬರತೇನಿ."

"ನಿಮಗ ಎಪ್ಪತ್ತು ದಾಟೈತ್ರಿ."

"ಎಪ್ಪತ್ತೆರಡು. ನಡಿ."

ಇಬ್ಬರೂ ಮನೆ ಮುಟ್ಟಿದಾಗ ಕತ್ತಲಾಗಿತ್ತು. ಬಾಗಿಲು ತೆರೆದೇ ಇತ್ತು. ವೈನಿ ಒಳಗೆ ದೀಪದ ಹತ್ತಿರ ಬೆನ್ನು ಮಾಡಿ ಕೂತಿದ್ದಳು.

ಶಿದ್ರಾಮ ಹೊಸ್ತಿಲ ಹೊರಗೇ ನಿಂತ. "ಒಳಗ ಹೆಂಗ ಹೋಗ್ಲಿ ಗುರುಗಳ?"

ಗುರುಗಳು ಕಟ್ಟೆಯ ಮೇಲೆ ಹಾಸಿಗೆ ಇಳಿಸಿ, ಬೀದಿಗೆ ಮುಖ ಮಾಡಿ ಕೂತರು.

"ಬರೂ ಮಂದಿ ಕೈ ನಾ ನೋಡತೇನಿ. ನೀ ಹೋಗಿ ಆಕಿ ಮಾರಿ ನೋಡು."