ಬದು ದಾಟಿದ ಸೊಂಟ

ನಾಟಿಯ ಹೊತ್ತು. ಚಿಕ್ಕತಾಯಮ್ಮ, ಇಬ್ಬರು ಸೊಸೆಯರು, ಮಗಳು, ನಾಲ್ವರೂ ಬೆಳಗಿನಿಂದ ಬಗ್ಗಿದ ಸೊಂಟ ಎತ್ತಿರಲಿಲ್ಲ. ಆಗ ಕೊಡೆ ಹಿಡಿದು ಬದುವಿನ ಮೇಲೆ ಬಂದರು, ಭತ್ತದ ಖರ್ಚು ಬರೆದುಕೊಳ್ಳುವ ಸಾಹೇಬರು. ಅವರು ಬರೆದ ಖರ್ಚು ನೋಡಿಯೇ ಮೇಲಿನವರು ಭತ್ತಕ್ಕೆ ಬೆಲೆ ಕಟ್ಟುವುದು.

ಸಾಹೇಬರು ಬೀಜ ಬರೆದರು, ಗೊಬ್ಬರ ಬರೆದರು. ನಾಟಿ ಕೂಲಿಯ ಮುಂದೆ ದುಂಡಗೆ ಸೊನ್ನೆ ಸುತ್ತಿದರು.

"ಇದೇನ್ ಸಾರ್, ಸೊನ್ನೆ?"

"ಮನೆಯವರೇ ತಾನೇ ಮಾಡ್ತಿರೋದು? ಅದಕ್ಕೆಂಥಾ ಖರ್ಚು? ಕೈಯಿಂದ ಕೂಲಿ ಕೊಟ್ಟರೆ ಮಾತ್ರ ಬರೀತೀನಿ. ನನಗೇ ಕಾನೂನು ಹೇಳ್ಕೊಡಬೇಡಮ್ಮ."

ಚಿಕ್ಕತಾಯಮ್ಮ ವಾದಕ್ಕೆ ನಿಲ್ಲಲಿಲ್ಲ. ಪಕ್ಕದ ಗದ್ದೆಯತ್ತ ತಿರುಗಿ ಕೂಗಿದಳು.

"ದೇವೀರಕ್ಕಾ! ನಿಮ್ಮನೆ ನಾಲ್ಕು ಹೆಂಗಸರೂ ಇತ್ಲಾಗ್ ಬನ್ನಿ, ನಾವು ಅತ್ಲಾಗ್ ಬತ್ತೀವಿ. ಯಾವಾಗ್ಲೂ ಮಾಡೋ ಹಂಗೆ ಆಳಿಗೆ ಆಳು ಮುಯ್ಯಿ ಅಲ್ಲ, ಇವತ್ತು ಕೂಲಿಗೆ!"

ಎಂಟು ಹೆಂಗಸರು ಬದು ದಾಟಿ ಅದಲು ಬದಲಾದರು. ಚಿಕ್ಕತಾಯಮ್ಮ ಸೊಂಟದ ಸಂಚಿ ಬಿಚ್ಚಿ, ನಾಲ್ಕಾಳಿನ ಕೂಲಿಯನ್ನು ಸಾಹೇಬರ ಕಣ್ಣೆದುರೇ ದೇವೀರಮ್ಮನ ಕೈಗಿಟ್ಟಳು. ದೇವೀರಮ್ಮ ಎಣಿಸಿದಳು. "ತಗೊಳ್ಳವ್ವ, ಇದು ನಿಮ್ಮ ಕೂಲಿ" ಎಂದು ಅದೇ ನೋಟುಗಳನ್ನು ವಾಪಸು ಕೊಟ್ಟಳು. ಸಂಚಿಯ ಬಾಯಿ ಮುಚ್ಚಿತು.

ತಾವೇ ಆಡಿದ ಮಾತು. ಸಾಹೇಬರು ಸೊನ್ನೆ ಹೊಡೆದು ಹಾಕಿ, ಎರಡು ಗದ್ದೆಗೂ ಕೂಲಿ ಬರೆದರು. ಬರೆದ ಮೇಲೆ ತಡೆಯಲಾಗಲಿಲ್ಲ.

"ಅದೇ ಹೆಂಗಸರು, ಅದೇ ಕೆಲಸ, ಅದೇ ನೋಟು! ಬದಲಾಗಿದ್ದೇನಮ್ಮ?"

ಚಿಕ್ಕತಾಯಮ್ಮ ಆಗಲೇ ದೇವೀರಮ್ಮನ ಗದ್ದೆಯಲ್ಲಿ ಬಗ್ಗಿದ್ದಳು. ತಲೆ ಎತ್ತದೆಯೇ ಹೇಳಿದಳು.

"ಏನೂ ಇಲ್ಲ ಸಾರ್. ನಮ್ಮ ಗದ್ದೇಲಿ ಬಗ್ಗಿದಾಗ ನಿಮ್ಮ ಪುಸ್ತಕಕ್ಕೆ ನಮ್ಮ ಸೊಂಟ ಕಾಣ್ತಿರ್ಲಿಲ್ಲ. ಬದು ದಾಟಿದ್ವಿ, ಕಾಣ್ತು."