ಕುಂತವ್ವನ ದಿಬ್ಬ

ಬಿಳಿಗುಂದಿಯ ಮೂಡಣ ಅಗಸಿಬಾಗಿಲು ದಾಟಿದರೆ ಎಡಕ್ಕೆ ಒಂದು ಮಣ್ಣಿನ ದಿಬ್ಬ ಕಾಣುತ್ತದೆ. ನಿಜದಲ್ಲಿ ಅದು ಬಿದ್ದ ಮನೆ. ಎರಡು ಮೊಳ ದಪ್ಪದ ಗೋಡೆ, ಮೇಲೆ ಸವಳು ಮಣ್ಣಿನ ಮಾಳಿಗೆ, ಬಾಗಿಲು ದಾಟಿದೊಡನೆ ಎತ್ತು ಎಮ್ಮೆ, ಮೂರು ಮೆಟ್ಟಿಲು ಏರಿದರೆ ಮನುಷ್ಯರು. ದನದ ಬಿಸುಪಿನಲ್ಲೇ ಚಳಿ ಕಳೆಯುತ್ತಿದ್ದರು. ಈಗಿನವರು ಕೇಳಿದರೆ ಮೂಗು ಮುರಿಯುತ್ತಾರೆ. ಮುರಿಯಲಿ, ಅವರ ಕಾಂಕ್ರೀಟು ಬೇಸಿಗೆಯಲ್ಲಿ ಹೇಗೆ ಬೇಯಿಸುತ್ತದೆಂದು ನಾನೂ ಬಲ್ಲೆ. ಇಂಥ ಮನೆಯ ಪಡಸಾಲೆಯ ಕೆಳಗೆ ಹಗೇವು ಇರುತ್ತಿತ್ತು: ಎರಡಾಳು ಆಳದ ಗುಂಡಿ, ಒಬ್ಬ ಇಳಿಯುವಷ್ಟೇ ಬಾಯಿ, ಒಳಗೆ ಜೋಳ. ಬಾಯಿ ತೆರೆದ ದಿನ ಯಾರೂ ಇಳಿಯಬಾರದು. ವಿಷಗಾಳಿ ಹೋಗಲೆಂದು ಬಿಟ್ಟು, ಮರುದಿನ ದೀಪ ಇಳಿಬಿಟ್ಟು, ಅದು ಉರಿದರೆ ಮಾತ್ರ ಮನುಷ್ಯ ಇಳಿಯಬೇಕು. ಹಾಲು ಕುಡಿಯುವ ಕೂಸಿಗೂ ಗೊತ್ತಿದ್ದ ಮಾತಿದು.

ಹಿಂದೆ ಒಮ್ಮೆ ಈ ಮನೆಯಲ್ಲಿ ಶಂಕ್ರಗೌಡನೆಂಬವನು ಹೆಂಡತಿ ಫಕೀರವ್ವ, ಮೂವರು ಗಂಡುಮಕ್ಕಳೊಂದಿಗೆ ಬಾಳುತ್ತಿದ್ದನಂತೆ. ಹಿರಿಯ ಮಗನಿಗೆ ಹೆಣ್ಣು ಕೊಡುವವರು ಮನೆ ನೋಡಲು ಬಂದರು. ಆಗ ಮನೆ ನೋಡುವುದೆಂದರೆ ಹಗೇವು ನೋಡುವುದು. ಬೀಗರು ನಗುತ್ತ, "ಒಳಗ ಜೋಳ ಐತೋ, ಬರೇ ಬಾಯಿಗೆ ಮಣ್ಣು ಮೆತ್ತೀರೋ?" ಎಂದರು. ಚೇಷ್ಟೆಯ ಮಾತು ಗೌಡನಿಗೆ ನಾಟಿತು. ಅರ್ಧ ತುಂಬಿದ್ದ ಹಗೇವಿನ ಬಾಯಿಯನ್ನು ಆಗಲೇ ತೆಗೆಸಿದ. ಫಕೀರವ್ವ ದೀಪ ಇಳಿಬಿಟ್ಟಳು, ಆರಿತು.

"ಇವತ್ತ ಬ್ಯಾಡ್ರಿ, ನಾಳೆ ತೋರ್ಸೋಣು," ಎಂದಳು.

"ಮಂದಿ ಮುಂದ ಮರ್ಯಾದಿ ಕಳೀಬ್ಯಾಡ, ಸರಿ ಅತ್ಲಾಗ," ಎಂದ ಗೌಡ, ಒಂದು ಬುಟ್ಟಿ ಜೋಳ ತರಲು ಹಿರಿಯ ಮಗನನ್ನು ಇಳಿಸಿದ.

ಇಳಿದವನು ಕರೆದರೆ ಓ ಎನ್ನಲಿಲ್ಲ. ತಂದೆ ಇಳಿದ, ಅವನ ದನಿಯೂ ನಿಂತಿತು. ಅವರನ್ನು ಎತ್ತಲು ನಡುವಿನ ಮಗ ಇಳಿದ. ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನಲ್ಲಿ ಮೂವರು. ಬೀಗರು ಕಂಬ ಹಿಡಿದು ನಿಂತಲ್ಲೇ ನಿಂತಿದ್ದರು. ಕಿರಿಯವನು ಮುನ್ನುಗ್ಗಿದಾಗ ಫಕೀರವ್ವ ಹೋಗಿ ಹಗೇವಿನ ಬಾಯಿಯ ಮೇಲೆಯೇ ಕುಳಿತುಬಿಟ್ಟಳು. ಮಗ ಜಗ್ಗಿದ, ಹೆತ್ತವ್ವನನ್ನು ಹೊಡೆದ. "ಏಳಬೇ ಯವ್ವಾ, ಅಪ್ಪ ಉಸುರಾಡಾಕತ್ತಾನ," ಎಂದು ಗೋಳಾಡಿದ. ಕೆಳಗಿನ ಗೊರಗೊರ ಸದ್ದು ಅವಳಿಗೂ ಕೇಳುತ್ತಿತ್ತು.

"ನಂಗೂ ಕೇಳಾಕತ್ತೈತಿ. ನೀ ಒಬ್ಬನರ ಉಳಿ," ಎಂದಳು. ಸದ್ದು ನಿಲ್ಲುವವರೆಗೂ ಏಳಲಿಲ್ಲ ಎನ್ನುತ್ತಾರೆ.

ಊರು ಅವಳನ್ನು ಕುಂತವ್ವ ಎಂದು ಕರೆಯಿತು. ಮಗ ಮಾತ್ರ ಅವಳನ್ನು ಮತ್ತೆ ಯವ್ವಾ ಎಂದು ಕರೆಯಲಿಲ್ಲ. ಅವಳು ಸತ್ತು, ಮನೆಯೂ ಬಿದ್ದ ಮೇಲೆ ಅವನೇ ಕಲ್ಲು ಕೆತ್ತಿಸಿ ದಿಬ್ಬದ ಮೇಲೆ ನೆಡಿಸಿದನಂತೆ. ಇಂದಿಗೂ ಬಂದವರು ನೋಡುವುದು ಆ ಕಲ್ಲನ್ನೇ: ಎರಡೂ ಅಂಗೈಗಳನ್ನು ನೆಲಕ್ಕೆ ಒತ್ತಿ ಕುಳಿತ ಹೆಂಗಸು. ದೇವಿಯಾದರೆ ಕೈಯೆತ್ತಿ ಹರಸಬೇಕಲ್ಲ, ಇದೆಂಥ ದೇವಿ ಎಂದು ಕೆಲವರು ಕೇಳುತ್ತಾರೆ. ಆ ಕಿರಿಯವನ ಮೊಮ್ಮಗನ ಮೊಮ್ಮಗ ನಾನು. ಆ ಕೈ ಅಂದು ಎತ್ತಿದ್ದರೆ ನಾನು ಹುಟ್ಟುತ್ತಲೇ ಇರಲಿಲ್ಲ.